ಅಜ್ಜಿಯ ಕಥೆ ಮತ್ತು ಇಂಗ್ಲಿಷ್ ವ್ಯಾಕರಣ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ನಮ್ಮಂಥ ಮೇಷ್ಟ್ರುಗಳಿಗೆ ಎದುರಾಗುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. 'ಹುಡುಗ ಕನ್ನಡ ಮೀಡಿಯಂ ಸಾರ್. ಲೆಕ್ಕ, ವಿಜ್ಞಾನ ಎರಡರಲ್ಲೂ ಒಳ್ಳೇ ಮಾರ್ಕ್ಸ್ ಬಂದಿದೆ. ಪಿಯುಸಿಗೆ ಸೈನ್ಸ್ ಸೇರಿಸಿದರೆ ಇಂಗ್ಲಿಷಿನಲ್ಲಿ ಏಗುತ್ತಾನಾ?' ಕೇಳುವ ತಂದೆತಾಯಂದಿರ ಮುಖದಲ್ಲಿ ಆಸೆ, ಅಂಜಿಕೆ ಎರಡೂ ಇರುತ್ತವೆ. ಆ ಅಂಜಿಕೆ ಸುಳ್ಳೇನಲ್ಲ.

ನಾನು ಪಿಯುಸಿ ಸೇರಿದ್ದು 1986ರಲ್ಲಿ. ಐದನೆಯ ತರಗತಿಯಲ್ಲಿ ಎಬಿಸಿಡಿ ತಿದ್ದಲು ಶುರುಮಾಡಿ, ಹತ್ತರವರೆಗೆ ವಿಜ್ಞಾನವನ್ನೆಲ್ಲ ಕನ್ನಡದಲ್ಲೇ ಓದಿದವರು ನಾವು. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ಗೆಳೆಯ ನನಗಿಂತ ಚುರುಕು. ಮಸೂರದ ಲೆಕ್ಕಗಳನ್ನು ಬಾಯಲ್ಲೇ ಬಿಡಿಸುತ್ತಿದ್ದ. ಮೊದಲ ಕಿರುಪರೀಕ್ಷೆಯಲ್ಲಿ ಲೆಕ್ಕ ಅವನಿಗೆ ಗೊತ್ತಿದ್ದದ್ದೇ. ಆದರೆ ಪ್ರಶ್ನೆ ಏನನ್ನು ಕೇಳುತ್ತಿದೆ ಎಂಬುದೇ ತಿಳಿಯಲಿಲ್ಲ. ದಸರಾ ರಜೆಗೆ ಟ್ರಂಕು ಹೊತ್ತು ಊರಿಗೆ ಹೋದವನು ಮತ್ತೆ ಕಾಲೇಜಿಗೆ ಬರಲಿಲ್ಲ. ಭೌತಶಾಸ್ತ್ರ ಬರುತ್ತಿದ್ದ ಹುಡುಗನನ್ನು ಒಂದು ಇಂಗ್ಲಿಷ್ ವಾಕ್ಯ ವಾಪಸು ಕಳಿಸಿತ್ತು.

ಉಳಿದುಕೊಂಡ ನಮ್ಮ ಕೈಯಲ್ಲಿದ್ದದ್ದು ರೆನ್ ಮತ್ತು ಮಾರ್ಟಿನ್ನರ ದಪ್ಪನೆಯ ವ್ಯಾಕರಣ ಪುಸ್ತಕ. ಒಳ್ಳೆಯ ಪುಸ್ತಕವೇ. ಆದರೆ ಇಂಗ್ಲಿಷಿನ ನಿಯಮಗಳನ್ನು ಇಂಗ್ಲಿಷಿನಲ್ಲೇ ಹೇಳುವ ಪುಸ್ತಕ ನಮಗೆ ಕಬ್ಬಿಣದ ಕಡಲೆಯಾಗಿತ್ತು. ನಿಯಮ ಕಂಠಪಾಠವಾಗುತ್ತಿತ್ತು, ವಾಕ್ಯ ಹುಟ್ಟುತ್ತಿರಲಿಲ್ಲ.

ದಾರಿ ತೋರಿಸಿದವರು ನಮಗೆ ಇಂಗ್ಲಿಷ್ ಪಾಠ ಹೇಳುತ್ತಿದ್ದ ಹಿರಿಯ ಲೆಕ್ಚರರು. ಒಂದು ದಿನ ಅವರು ಬೋರ್ಡಿನ ಮೇಲೆ ನಮ್ಮ ಹೈಸ್ಕೂಲು ಪಾಠವನ್ನೇ ಬರೆದರು: 'ಏಕಮಾನ ಗಾತ್ರದಲ್ಲಿರುವ ದ್ರವ್ಯರಾಶಿಯೇ ಸಾಂದ್ರತೆ.' ಅದರ ಕೆಳಗೆ ಇಂಗ್ಲಿಷ್: 'ಡೆನ್ಸಿಟಿ ಈಸ್ ಮಾಸ್ ಪರ್ ಯೂನಿಟ್ ವಾಲ್ಯೂಮ್.' ಸಾಂದ್ರತೆಗೂ ಡೆನ್ಸಿಟಿಗೂ, ದ್ರವ್ಯರಾಶಿಗೂ ಮಾಸ್‌ಗೂ, ಗಾತ್ರಕ್ಕೂ ವಾಲ್ಯೂಮ್‌ಗೂ ಗೆರೆ ಎಳೆದರು. ಕನ್ನಡದಲ್ಲಿ ಮೊದಲು ಬಂದದ್ದು ಇಂಗ್ಲಿಷಿನಲ್ಲಿ ಕೊನೆಗೆ, ಕೊನೆಗೆ ಬಂದದ್ದು ಮೊದಲಿಗೆ. ಕನ್ನಡಿಯಲ್ಲಿ ಎಡ ಬಲವಾದ ಹಾಗೆ! 'ನಿಮಗೆ ವಿಷಯ ಗೊತ್ತು. ಸಾಲು ತಿರುಗಿಸುವುದನ್ನು ಕಲಿಯಿರಿ, ಸಾಕು' ಎಂದರು. ಅಂದಿನಿಂದ ಪಠ್ಯದ ಯಾವ ಉದ್ದ ವಾಕ್ಯ ಎದುರಾದರೂ ಅದರಲ್ಲಿ ಮೊದಲು ಕ್ರಿಯಾಪದವನ್ನು ಹುಡುಕಿ, ಕೊನೆಯಿಂದ ಹಿಂದಕ್ಕೆ ಓದಿ ಕನ್ನಡ ಮಾಡಿಕೊಳ್ಳುವುದು ನನಗೆ ರೂಢಿಯಾಯಿತು.

ಹೀಗೆ ಎರಡು ಭಾಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಎಡವುವ ಜಾಗಗಳು ತಾವೇ ಕಾಣುತ್ತವೆ. 'ಇವರು ನಮ್ಮ ಮೇಷ್ಟ್ರು' ಎಂಬ ಕನ್ನಡ ವಾಕ್ಯಕ್ಕೆ ಕ್ರಿಯಾಪದವೇ ಬೇಡ. ಇಂಗ್ಲಿಷಿನಲ್ಲಿ 'ಈಸ್' ಇಲ್ಲದಿದ್ದರೆ ವಾಕ್ಯ ನಿಲ್ಲುವುದಿಲ್ಲ. ನಮ್ಮ ಹುಡುಗರು ಅದನ್ನು ಬಿಡುವುದು ದಡ್ಡತನದಿಂದಲ್ಲ, ಮಾತೃಭಾಷೆಯ ಅಭ್ಯಾಸದಿಂದ. ನಮಗೆ ಹಸಿವು 'ಆಗುತ್ತದೆ', ಜ್ವರ 'ಬರುತ್ತದೆ'. ನಾವು ಚತುರ್ಥಿ ವಿಭಕ್ತಿಯಲ್ಲಿ 'ನನಗೆ' ಎಂದು ಸುಮ್ಮನೆ ಕುಳಿತಿರುತ್ತೇವೆ. ಇಂಗ್ಲಿಷಿನವನು 'ಐ' ಎಂದು ತಾನೇ ಮುಂದೆ ಬಂದು ನಿಲ್ಲುತ್ತಾನೆ.

ಇನ್ನು ಎಲ್ಲರನ್ನೂ ಕಾಡುವ 'ಎ' ಮತ್ತು 'ದಿ'. ಇವು ಕನ್ನಡದಲ್ಲಿಲ್ಲ ಎನ್ನುತ್ತಾರೆ. ಆದರೆ ಅಜ್ಜಿ ಹೇಳುತ್ತಿದ್ದ ಕಥೆ ಹೇಗೆ ಶುರುವಾಗುತ್ತಿತ್ತು? 'ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂರು ಜನ ಮಕ್ಕಳು.' ಮೊದಲ ಸಲ 'ಒಬ್ಬ', ಪರಿಚಯವಾದ ಮೇಲೆ 'ಆ'. ಪ್ರಯೋಗಾಲಯದಲ್ಲೂ ಅಷ್ಟೇ. ಮೊದಲು 'ಎ ಬೀಕರ್' ತೆಗೆದುಕೊಳ್ಳುತ್ತೇವೆ, ಆಮೇಲೆ 'ದಿ ಬೀಕರ್' ಕಾಯಿಸುತ್ತೇವೆ. ಇದರಿಂದ ಎಲ್ಲ ಕಡೆಯೂ ಬಿಡಿಸಿಕೊಳ್ಳಲಾಗದು, ಆದರೆ ಅರ್ಧ ದಾರಿ ಸಾಗುತ್ತದೆ.

ಕರ್ಮಣಿ ಪ್ರಯೋಗ ನನಗೆ ಅರ್ಥವಾದದ್ದು ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ. ನಾವು ಮಾತಿನಲ್ಲಿ 'ನೀರು ಕಾಯಿಸಿದೆವು' ಎನ್ನುತ್ತೇವೆ. 'ಕಾಯಿಸಲ್ಪಟ್ಟಿತು' ಎಂದು ಯಾರೂ ಮನೆಯಲ್ಲಿ ಆಡುವುದಿಲ್ಲ. ರೆಕಾರ್ಡಿನಲ್ಲಿ ಮಾತ್ರ 'ದಿ ವಾಟರ್ ವಾಸ್ ಹೀಟೆಡ್' ಎಂದೇ ಬರೆಯಬೇಕಿತ್ತು. ಕಾಯಿಸಿದವರು ಯಾರಾದರೇನು, ನೀರಿಗೆ ಏನಾಯಿತು ಎಂಬುದೇ ಅಲ್ಲಿ ಮುಖ್ಯ. ಕಾರಣ ತಿಳಿದ ಮೇಲೆ ನಿಯಮವನ್ನು ಉರುಹೊಡೆಯಬೇಕಾಗಲಿಲ್ಲ.

ಎಲ್ಲವೂ ಹೀಗೆ ಸರಾಗವಲ್ಲ ಎಂಬುದೂ ನಿಜ. ಮೇಜಿನ ಮೇಲಿನ ಪುಸ್ತಕಕ್ಕೆ 'ಆನ್', ತಲೆಯ ಮೇಲೆ ತಿರುಗುವ ಫ್ಯಾನಿಗೆ 'ಅಬವ್'. ನಮ್ಮ 'ಮೇಲೆ' ಎರಡಕ್ಕೂ ಸಾಕು. ಇಂಥವು ಓದುತ್ತ ಓದುತ್ತಲೇ ಕಿವಿಗೆ ಹತ್ತಬೇಕು.

ಪ್ರಬಂಧ ರಚನೆಯದು ಬೇರೆ ಕಥೆ. ಗೈಡು ನೋಡಿ 'ಎ ಕ್ರಿಕೆಟ್ ಮ್ಯಾಚ್' ಬಾಯಿಪಾಠ ಮಾಡಿದವನು ಪರೀಕ್ಷೆಯಲ್ಲಿ 'ಎ ರೈನಿ ಡೇ' ಬಂದರೆ ಮುಗಿಯಿತು. ನಮ್ಮ ಲೆಕ್ಚರರು ಕಂಡದ್ದನ್ನು ಬರೆಯಿರಿ ಎನ್ನುತ್ತಿದ್ದರು. ಒಲೆಯ ಮೇಲೆ ಹಾಲು ಉಕ್ಕುವುದು, ಸಂತೆಗೆ ಬಸ್ಸು ಹೊರಡುವುದು. ದಿನಕ್ಕೆ ಐದು ಸಾಲು. ಅನುಮಾನ ಬಂದ ಪದಕ್ಕೆ ನಿಘಂಟು. ನನ್ನ ಅಂಥ ನೋಟ್‌ಬುಕ್ಕುಗಳು ಬಿಎಸ್ಸಿ ಮುಗಿಯುವ ಹೊತ್ತಿಗೆ ಹನ್ನೊಂದಾಗಿದ್ದವು.

ವಿಜ್ಞಾನದ ಹುಡುಗರಿಗೆ ನಾನು ಹೇಳುವ ಇನ್ನೊಂದು ಹೆಸರು ಮೈಕೆಲ್ ಫ್ಯಾರಡೆ. ಲಂಡನ್ನಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯುತ್ತಿದ್ದ ಬಡ ಹುಡುಗ, ಶಾಲೆ ಕಂಡದ್ದೇ ಸ್ವಲ್ಪ. ಇಂಗ್ಲಿಷ್ ಅವನ ಮಾತೃಭಾಷೆಯೇ. ಆದರೂ ಬರೆಯಲು ಅಳುಕು. 1812ರಿಂದ ಗೆಳೆಯ ಅಬಟ್‌ಗೆ ಉದ್ದುದ್ದ ಪತ್ರ ಬರೆದು ಅಭ್ಯಾಸ ಮಾಡಿದ. 1818ರಲ್ಲಿ ಕೆಲವು ಗೆಳೆಯರನ್ನು ಸೇರಿಸಿಕೊಂಡು ಪ್ರಬಂಧ ಬರೆದು ಪರಸ್ಪರ ತಿದ್ದಿಕೊಳ್ಳುವ ಕೂಟ ಕಟ್ಟಿದ. ಮುಂದೆ ಮೇಣದಬತ್ತಿಯ ಬಗ್ಗೆ ಅವನು ಮಕ್ಕಳಿಗೆ ಮಾಡಿದ ಉಪನ್ಯಾಸಗಳು 1861ರಲ್ಲಿ ಪುಸ್ತಕವಾದವು. ಅವುಗಳ ತಿಳಿಯಾದ ಇಂಗ್ಲಿಷ್ ಇಂದಿಗೂ ಓದಿಸಿಕೊಳ್ಳುತ್ತದೆ.

ನಮ್ಮ ಕಾಲಕ್ಕಿಂತ ಈಗ ಅನುಕೂಲ ಹೆಚ್ಚು. ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಆದರೂ ಪಿಯುಸಿಯ ಮೊದಲ ಮೂರು ತಿಂಗಳು ಕನ್ನಡ ಮಾಧ್ಯಮದವರಿಗೆ ಕಠಿಣವೇ. ತಂದೆತಾಯಂದಿರು ಆ ಮೂರು ತಿಂಗಳು ಮಕ್ಕಳ ಜೊತೆಗಿರಬೇಕು. 'ಪಕ್ಕದ ಮನೆ ಹುಡುಗಿ ಪಟಪಟ ಮಾತಾಡ್ತಾಳೆ' ಎಂದು ಹೋಲಿಸಬೇಡಿ. ಮನೆಯಲ್ಲಿ ಕನ್ನಡ ನಿಲ್ಲಿಸಿ ಹರಕು ಇಂಗ್ಲಿಷ್ ಶುರುಮಾಡಲೂ ಬೇಡಿ. ಅವತ್ತಿನ ಪಾಠವನ್ನು ಕನ್ನಡದಲ್ಲಿ ನಿಮಗೇ ಹೇಳಿಕೊಡಲು ಕೇಳಿ. ಹೇಳಲು ಬಂದರೆ ವಿಷಯ ತಲೆಗೆ ಹೋಗಿದೆ ಎಂದರ್ಥ. ಇನ್ನು ಉಳಿದದ್ದು ವಾಕ್ಯ ತಿರುಗಿಸುವ ಕೆಲಸ. ಅದಕ್ಕೆ ಬೇಕಾದದ್ದು ಒಂದು ಇನ್ನೂರು ಪುಟದ ನೋಟ್‌ಬುಕ್ಕು, ಒಂದು ಇಂಗ್ಲಿಷ್-ಕನ್ನಡ ನಿಘಂಟು, ದಿನಕ್ಕೆ ಅರ್ಧ ಗಂಟೆ. ಇಷ್ಟನ್ನು ಒದಗಿಸಿ, ಮಗುವನ್ನು ಧೈರ್ಯವಾಗಿ ಸೈನ್ಸಿಗೆ ಸೇರಿಸಿ.