ಕೇಳುವವರಿದ್ದರೆ

ಉಡುಪಿಯಿಂದ ಮೂಡುದಿಕ್ಕಿಗೆ ಹೊರಟ ಹೆದ್ದಾರಿಯು ಮಣಿಪಾಲವನ್ನು ದಾಟಿದಾಗ ಸಿಗುವ ಊರು ಪರ್ಕಳ. ಇಲ್ಲಿಯ ಜನರಲ್ಲಿ ಹೆಚ್ಚಿನವರ ಮನೆಮಾತು ತುಳು, ಕೊಂಕಣಿಯನ್ನಾಡುವವರೂ ಇದ್ದಾರೆ. ಕನ್ನಡವು ಶಾಲೆಯ ಭಾಷೆ, ಕಾಗದಪತ್ರಗಳ ಭಾಷೆ, ವೃತ್ತಪತ್ರಿಕೆಯ ಭಾಷೆ. ಆದುದರಿಂದ, ಶಾಲೆಯನ್ನು ಬಿಟ್ಟು ಮೂವತ್ತು ವರ್ಷಗಳಾದ ಮೇಲೆ ಒಬ್ಬರು ತಮ್ಮ ಬಾಳಿನ ಸಂಗತಿಯೊಂದನ್ನು ಬರೆಯಲು ಕುಳಿತರೆ, ಮನಸ್ಸು ತುಳುವಿನಲ್ಲಿ ಮಾತನಾಡುತ್ತದೆ, ಲೇಖನಿ ಕನ್ನಡಕ್ಕಾಗಿ ತಡಕಾಡುತ್ತದೆ. ಆ ತಡಕಾಟದಲ್ಲಿ ಮೊದಲು ಕೈಗೆ ಸಿಗುವುದು ಅರ್ಜಿಯ ಕನ್ನಡ. ಇಲ್ಲವೇ ಸಭೆಯ ಭಾಷಣದ ಕನ್ನಡ.

ಇಂಥವರಿಗಾಗಿ ನಡೆಯುವ ಬರವಣಿಗೆಯ ತರಗತಿಗಳಿಗೆ ಕನ್ನಡದಲ್ಲಿ 'ಕಮ್ಮಟ' ಎಂಬ ಹೆಸರು ರೂಢಿಯಾಗಿದೆ. ಕಮ್ಮಟವೆಂದರೆ ಹಿಂದೆ ನಾಣ್ಯಗಳಿಗೆ ಅಚ್ಚೊತ್ತುತ್ತಿದ್ದ ಟಂಕಸಾಲೆ. ಅಲ್ಲಿ ಎಲ್ಲ ನಾಣ್ಯಗಳೂ ಒಂದೇ ತೆರನಾಗಿ ಹೊರಬಂದರೆ ಸಂತೋಷ. ಬರಹದ ಕಮ್ಮಟದಲ್ಲಿ ಹಾಗೆ ಬಂದರೆ ಶಿಬಿರವೇ ವ್ಯರ್ಥ! ಪದವೀಧರರನ್ನೂ, ನಡುವಯಸ್ಸಿನಲ್ಲಿ ಅಕ್ಷರ ಕಲಿತವರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದರೆ ಯಾರಿಗೆ ಏನನ್ನು ಕಲಿಸುವುದೆಂಬ ಸಂದೇಹವು ಸಹಜವೇ ಆಗಿದೆ. ತುಳುನಾಡಿನ ಮಟ್ಟಿಗೆ ಈ ಸಂದೇಹಕ್ಕೆ ಉತ್ತರವು ಬಹಳ ಹಿಂದೆಯೇ ದೊರೆತಿದೆ. ಅದೇ ತಾಳಮದ್ದಳೆ.

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಹೊರಗೆ ಮಳೆ ಸುರಿಯುತ್ತಿರುವಾಗ, ಮನೆಯ ಚಾವಡಿಯಲ್ಲಿಯೋ ದೇವಸ್ಥಾನದಲ್ಲಿಯೋ ಜನರು ಕೂಡುತ್ತಾರೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಅರ್ಥಧಾರಿಯು ಅದಕ್ಕೆ ಸ್ಥಳದಲ್ಲಿಯೇ ಮಾತು ಕಟ್ಟುತ್ತಾನೆ. ಪದ್ಯ ಬರೆದದ್ದು, ಮಾತು ಬರೆಯದೆ ಇದ್ದದ್ದು. ಅಂಗಡಿಯವರು, ಕೃಷಿಕರು, ಅಧ್ಯಾಪಕರು ಒಂದೇ ಸಾಲಿನಲ್ಲಿ ಕುಳಿತಿರುತ್ತಾರೆ. ಹೊಸಬನಿಗೆ ದೂತನದೋ ಚಾರಕನದೋ ಸಣ್ಣ ಪಾತ್ರ ದೊರೆಯುತ್ತದೆ. ಅನುಭವಿಯು ಕೃಷ್ಣನೋ ಕೌರವನೋ ಆಗುತ್ತಾನೆ. ಇಲ್ಲಿ ಪಾಠ ಹೇಳುವ ಗುರುವು ಎದುರಿಗೆ ಕುಳಿತ ಪ್ರತಿವಾದಿಯೇ. ಒಬ್ಬನ ಮಾತು ಜಾಳಾದೊಡನೆ ಆತನು ಪ್ರಶ್ನೆಯೊಂದನ್ನು ಹಾಕುತ್ತಾನೆ, ಉತ್ತರ ಕೊಡಲೇಬೇಕು. 'ಕೇಳು' ಎಂಬ ಒಂದೇ ಕನ್ನಡ ಪದಕ್ಕೆ ಕಿವಿಗೊಡು ಎಂದೂ, ಪ್ರಶ್ನಿಸು ಎಂದೂ ಎರಡರ್ಥಗಳಿರುವುದು ತಾಳಮದ್ದಳೆಯಲ್ಲಿ ಕಣ್ಣಿಗೆ ಕಾಣುತ್ತದೆ.

ಆದರೆ ಬೆಳಗಾದೊಡನೆ ಆ ಮಾತು ಗಾಳಿಗೆ ಹೋಗುತ್ತದೆ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದುಂಟು: ಬಹುಕಾಲ ಆ ಸಾಲಿನಲ್ಲಿ ಕುಳಿತವರು ಗಂಡಸರು ಮಾತ್ರ. ಮಹಿಳೆಯರ ಕೂಟಗಳು ಹುಟ್ಟಿಕೊಂಡದ್ದು ಈಚಿನ ದಶಕಗಳಲ್ಲಿ. ಮನೆಯ ಜಗಲಿಯಲ್ಲಿ ಕುಳಿತು ಎಲೆ ಕತ್ತರಿಸಿ, ಹುಡಿ ತುಂಬಿ, ಬೀಡಿ ಸುರುಟಿ, ನೂಲು ಕಟ್ಟಿ ಸಂಸಾರವನ್ನು ಸಾಕಿದ ಹೆಂಗಸರು ಈ ಸೀಮೆಯಲ್ಲಿ ಬಹಳ. 1990ರ ಸುಮಾರಿಗೆ, ಉಡುಪಿಯು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದಾಗ, ನಡೆದ ಸಾಕ್ಷರತಾ ಆಂದೋಲನವು ಇಂಥವರಿಗೆ ಅಕ್ಷರಗಳನ್ನು ಕಲಿಸಿತು. ಕಲಿತ ಅಕ್ಷರದಿಂದ ಸಹಿ ಹಾಕಿದ್ದಾಯಿತು, ಬಸ್ಸಿನ ಫಲಕ ಓದಿದ್ದಾಯಿತು. ಅದರಾಚೆಗೆ ತಮ್ಮ ಮಾತನ್ನೇ ಬರೆದಿಡುವ ಕೆಲಸವೊಂದಿದೆಯೆಂದು ಅವರಿಗೆ ಹೇಳಿದವರು ಕಡಿಮೆ.

ಅಂಥವರೊಬ್ಬರು ಕಮ್ಮಟಕ್ಕೆ ಬಂದು ಆಟಿ ಅಮಾವಾಸ್ಯೆಯ ವಿಷಯವಾಗಿ ಬರೆದರೆಂದು ಊಹಿಸೋಣ. ಅಂದು ಕಷಾಯವನ್ನು ಸೇವಿಸುವುದು ನಮ್ಮ ಹಿರಿಯರ ಪವಿತ್ರ ಸಂಪ್ರದಾಯವಾಗಿದೆ ಎಂದು ಬರೆದು ಅವರು ನಿಲ್ಲಿಸುತ್ತಾರೆ. ವಾಕ್ಯದಲ್ಲಿ ತಪ್ಪಿಲ್ಲ, ಜೀವವೂ ಇಲ್ಲ. ಪಕ್ಕದವರು ಕೇಳುತ್ತಾರೆ: "ತೊಗಟೆ ತರಲು ಹೋದವರು ಯಾರಕ್ಕಾ? ಕತ್ತಲಲ್ಲಿ ಮರದ ಗುರುತು ಹೇಗೆ ಸಿಕ್ಕಿತು?" ಆಗ ಅಪ್ಪ ಹಿಂದಿನ ದಿನವೇ ಪಾಲೆಮರವನ್ನು ಗುರುತಿಸಿ ಬಂದದ್ದು, ಬೆಳಕು ಹರಿಯುವ ಮೊದಲೇ ಎದ್ದು ಹೋದದ್ದು, ಕಬ್ಬಿಣ ಮುಟ್ಟಿಸಬಾರದೆಂದು ಕಲ್ಲಿನಿಂದಲೇ ಜಜ್ಜಿ ತೊಗಟೆಯನ್ನು ಎಬ್ಬಿಸಿದ್ದು, ಕಹಿಗೆ ಮುಖ ಕಿವುಚಿದ ಮಕ್ಕಳ ಬಾಯಿಗೆ ಅಮ್ಮ ಬೆಲ್ಲ ಇಟ್ಟದ್ದು, ಆಮೇಲೆ ಮೆಂತೆಗಂಜಿ ಬಡಿಸಿದ್ದು ಒಂದೊಂದಾಗಿ ಹೊರಬರುತ್ತವೆ. ನಡುವೆ ನಾಲ್ಕು ತುಳು ಪದಗಳು ಉಳಿದರೆ ಉಳಿಯಲಿ. ಕನ್ನಡಕ್ಕೆ ಅದರಿಂದ ನಷ್ಟವಿಲ್ಲ. ಉಪಮೆ, ರೂಪಕಗಳನ್ನು ಮೊದಲ ದಿನವೇ ಬೋಧಿಸುವ ಮಾರ್ಗದರ್ಶಕರು ಈ ಒಂದು ಪ್ರಶ್ನೆಯ ಬೆಲೆಯನ್ನು ಅರಿಯಬೇಕು.

ಪರ್ಕಳಕ್ಕೆ ತೀರ ದೂರವಲ್ಲದ ನಂದಳಿಕೆಯ ಲಕ್ಷ್ಮೀನಾರಾಯಣನಿಗೆ ಇಂಥ ಚಾಪೆ ಇರಲಿಲ್ಲ. 1870ರಲ್ಲಿ ಹುಟ್ಟಿದ ಆತನು ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದನು. ಯಕ್ಷಗಾನ ಪ್ರಸಂಗಗಳನ್ನೂ ಬರೆದ ಆತನಿಗೆ ತನ್ನ ದೊಡ್ಡ ಕೃತಿಗಳಿಗೆ ಸ್ವಂತ ಹೆಸರನ್ನು ಹಾಕಲು ಸಂಕೋಚ. ಅವುಗಳನ್ನು ಹಳೆಯ ಕವಿಗಳವೆಂದು ಹೇಳಿ ಮೈಸೂರಿಗೆ ಕಳುಹಿಸಿದನು. ಕೇಳುವವರಿಲ್ಲದಿದ್ದಾಗ ಆತನು ಮಾಡಿದ್ದು ಸೋಜಿಗದ ಕೆಲಸ. 'ರಾಮಾಶ್ವಮೇಧ'ದೊಳಗೇ ಮನೋರಮೆಯನ್ನು ತಂದು ಕೂರಿಸಿದನು. ಆಕೆ ಕಥೆಯನ್ನು ಗದ್ಯದಲ್ಲಿ ಹೇಳೆಂದಳು. ಸಂಸ್ಕೃತದ ಮಾತು ಅತಿಯಾದಾಗ ಮುದ್ದಣನನ್ನು ತಡೆದಳು, ಕೆಣಕಿದಳು, ನಕ್ಕಳು. 1901ರಲ್ಲಿ, ಮೂವತ್ತೊಂದರ ಪ್ರಾಯದಲ್ಲಿ, ಕ್ಷಯರೋಗವು ಆತನನ್ನು ಕೊಂಡೊಯ್ದಿತು. ಆ ಮುದ್ದಣನು ಉಡುಪಿಯ ವ್ಯಾಯಾಮ ಶಿಕ್ಷಕನೇ ಎಂಬುದು ಕನ್ನಡದ ಓದುಗರಿಗೆ ತಿಳಿದದ್ದು ಅದರ ಅನಂತರ.