ಹಲ್ಲಿನೊಳಗಿನ ದಿನಚರಿ

ವಿಠ್ಠಲವಾಡಿಯಲ್ಲಿ ನೆಲೆಸಿದ ನಮಗೆ ಹೊತ್ತೆಂದರೆ ಲೋಕಲ್ ಗಾಡಿಯ ಹೊತ್ತು. ಕಲ್ಯಾಣಕ್ಕೂ ಉಲ್ಲಾಸನಗರಕ್ಕೂ ನಡುವಿನ ಈ ಚಿಕ್ಕ ನಿಲ್ದಾಣದ ವೇಳಾಪಟ್ಟಿಗೆ ನಮ್ಮ ಊಟ, ನಿದ್ರೆಗಳೆಲ್ಲ ಹೊಂದಿಕೊಂಡಿವೆ. ಆದರೆ ದೇಹಕ್ಕೆ ತನ್ನದೇ ಗಡಿಯಾರವಿದೆ; ಬೆಳಕು ಕತ್ತಲೆಗಳೇ ಅದಕ್ಕೆ ಕೀಲಿ ಕೊಡುವ ಕೈಗಳು. ಜೀವಕೋಶದೊಳಗೆ ಕೆಲವು ಜೀನ್‌ಗಳಿಂದ ಹುಟ್ಟುವ ಪ್ರೋಟೀನು ಶೇಖರವಾಗುತ್ತ ಹೋಗಿ ಆ ಜೀನ್‌ಗಳನ್ನೇ ತಡೆಯುತ್ತದೆ. ಅದು ಕರಗಿದ ಬಳಿಕ ಕೆಲಸ ಮತ್ತೆ ಮೊದಲಾಗುತ್ತದೆ. ಈ ಒಂದು ಸುತ್ತಿಗೆ ಸುಮಾರು 24 ಗಂಟೆ. ಇದರ ಮರ್ಮವನ್ನು ಬಿಡಿಸಿದ ಹಾಲ್, ರಾಸ್‌ಬಾಶ್ ಮತ್ತು ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪುರಸ್ಕಾರ ಸಂದಿತು.

ಹಲ್ಲಿನ ಹೊರಕವಚವಾದ ಎನಾಮಲನ್ನು ಕಟ್ಟುವ ಕೋಶಗಳಲ್ಲಿಯೂ ಇದೇ ಗಡಿಯಾರದ ಜೀನ್‌ಗಳು ಇಲಿಗಳಲ್ಲಿ ಕಂಡುಬಂದಿವೆ. ಮನುಷ್ಯನ ಎನಾಮಲ್ ದಿನವೊಂದಕ್ಕೆ ಬೆಳೆಯುವುದು ಸುಮಾರು 4 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ನಾಲ್ಕು ಮಾತ್ರ. ಆ ಬೆಳವಣಿಗೆ ದಿನದ ಲಯಕ್ಕೆ ತಕ್ಕಂತೆ ಏರಿಳಿಯುವುದರಿಂದ ಪ್ರತಿ ದಿನವೂ ಒಂದು ಸೂಕ್ಷ್ಮ ಗೆರೆಯಾಗಿ ಉಳಿಯುತ್ತದೆ. ಮರಕ್ಕೆ ವರ್ಷಕ್ಕೊಂದು ಉಂಗುರವಾದರೆ ಹಲ್ಲಿಗೆ ದಿನಕ್ಕೊಂದು ಗೆರೆ. ಜನನದ ಆಘಾತವೂ ಹಾಲುಹಲ್ಲಿನಲ್ಲಿ ಎದ್ದುಕಾಣುವ ಒಂದು ರೇಖೆಯನ್ನು ಬಿಡುತ್ತದೆ.

ಈಚೆಗೆ ಹತ್ತು ವರ್ಷದ ನಮ್ಮ ಮಗಳ ಹಿಂಬದಿಯ ಹಾಲುದವಡೆಯೊಂದು ಬಿತ್ತು. ಊರಿನಲ್ಲಾಗಿದ್ದರೆ ಸಗಣಿಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆಯುತ್ತಿದ್ದೆವು. ನಾಲ್ಕನೆಯ ಮಹಡಿಯ ಬ್ಲಾಕಿನವರಿಗೆ ಮಾಡೆಲ್ಲಿ? ಹಲ್ಲು ಮನೆಯಲ್ಲೇ ಉಳಿಯಿತು. ಈ ದವಡೆಯ ಎನಾಮಲ್ ಗರ್ಭದಲ್ಲಿಯೇ ಆರಂಭವಾಗಿ, ಮಗುವಿಗೆ ಹತ್ತು ಹನ್ನೊಂದು ತಿಂಗಳಾಗುವ ಹೊತ್ತಿಗೆ ಮುಗಿಯುತ್ತದೆ. ಅವಳು ಹುಟ್ಟಿದ್ದು ಧಾರವಾಡದಲ್ಲಿ, ತಾಯಿಯ ತವರಿನಲ್ಲಿ. ಐದು ತಿಂಗಳ ಬಾಣಂತನ ಮುಗಿದ ಮೇಲೆ ಇಲ್ಲಿಗೆ ಬಂದಳು. ಹಾಗಾದರೆ ಆ ಪುಟ್ಟ ಹಲ್ಲಿನಲ್ಲಿ ಜನನರೇಖೆಯ ಆಚೆ ತಾಯಿಯ ಗರ್ಭ, ಈಚೆ ಧಾರವಾಡದ ನೂರೈವತ್ತು ದಿನಗಳು, ಅವುಗಳ ಮೇಲೆ ವಿಠ್ಠಲವಾಡಿಯ ದಿನಗಳು. ನಿಮ್ಮ ಊರು ಯಾವುದೆಂದು ಯಾರಾದರೂ ಕೇಳಿದಾಗ ಅವಳು ತಡವರಿಸುತ್ತಾಳೆ. ಹಲ್ಲು ಎರಡನ್ನೂ ಒಂದೇ ಅಳತೆಯಲ್ಲಿ ಬರೆದುಕೊಂಡಿದೆ.

ಬರವಣಿಗೆ ಮುಗಿದಿಲ್ಲ ಎಂಬುದು ನಮ್ಮನ್ನು ಯೋಚನೆಗೆ ಹಚ್ಚಿದ ಸಂಗತಿ. ಬುದ್ಧಿಹಲ್ಲು, ನಮ್ಮ ಮರಾಠಿ ನೆರೆಯವರ ಅಕ್ಕಲ್‌ದಾಢ, ಸಾಮಾನ್ಯವಾಗಿ ಈ ವಯಸ್ಸಿನಲ್ಲಿಯೇ ದವಡೆಯ ಮೂಳೆಯೊಳಗೆ ಮರೆಯಾಗಿ ರೂಪುಗೊಳ್ಳುತ್ತಿರುತ್ತದೆ. ಎನಾಮಲ್ ಕಟ್ಟುವ ಕೋಶಗಳು ಹಲ್ಲು ಮೂಡುವ ವೇಳೆಗೆ ಅಳಿದುಹೋಗುತ್ತವೆ, ಬಳಿಕ ತಿದ್ದುವವರಿಲ್ಲ. ಒಂದು ರಾತ್ರಿಯ ಜಾಗರಣೆಯಿಂದ ಹಲ್ಲು ಕೆಡುತ್ತದೆಂದು ನಾವು ಹೇಳುತ್ತಿಲ್ಲ. ಆದರೆ ಬೆಳೆಯುವ ದೇಹ ಹಗಲಿರುಳುಗಳನ್ನು ಇಷ್ಟು ಶ್ರದ್ಧೆಯಿಂದ ಎಣಿಸುತ್ತಿರುವಾಗ, ತಡವಾಗಿ ಮರಳುವ ಹಿರಿಯರ ದಾರಿ ನೋಡುತ್ತ ಮಕ್ಕಳು ಎಚ್ಚರವಾಗಿರಬೇಕೆಂಬ ನಿಯಮವೇನೂ ಇಲ್ಲ. ನಮ್ಮ ಮನೆಯಲ್ಲಿ ಈಗ ಒಂಬತ್ತೂವರೆಗೆ ದೀಪ ಆರುತ್ತದೆ. ದಿನದ ಮಾತುಗಳನ್ನು ಬೆಳಗಿನ ಚಹದ ಹೊತ್ತಿಗೆ ಉಳಿಸಿಕೊಂಡಿದ್ದೇವೆ.