ಹಪ್ಪಳ ಪುಡಿಯಾದ್ರೆ?

ಅತ್ತಿಗೆಯ ಹಪ್ಪಳ-ಸಂಡಿಗೆ ವೆಬ್‌ಸೈಟಿಗೆ ಪೇಮೆಂಟ್ ಗೇಟ್‌ವೇ ಜೋಡಿಸ್ತಾ ಕೂತಿದ್ದೀನಿ. ಪ್ಯಾನ್, ಬ್ಯಾಂಕ್ ಖಾತೆ ಎಲ್ಲ ಬೇಗ ಮುಗೀತು. ತಡೆದು ನಿಲ್ಲಿಸಿದ್ದು ರೀಫಂಡ್ ಪಾಲಿಸಿ ಪುಟ. ಅದಿಲ್ಲದೆ ಮುಂದಕ್ಕೆ ಹೋಗಲ್ವಂತೆ.

"ಹಪ್ಪಳ ಪುಡಿಯಾಗಿ ತಲುಪಿದ್ರೆ ಏನ್ ಮಾಡ್ತೀರಿ ಅತ್ತಿಗೆ?"

"ಫೋಟೋ ಕಳಿಸಿದ್ರೆ ಬೇರೆ ಕಟ್ಟು ಕಳಿಸ್ತೀನಿ, ಬರ್ಕೋ."

ಹಾಗೇ ಬರೆದೆ. ಎಷ್ಟೋ ದೊಡ್ಡ ಅಂಗಡಿಗಳ ಪುಟಗಟ್ಟಲೆ ನಿಯಮಕ್ಕಿಂತ ಇದೇ ಸ್ಪಷ್ಟ ಅನ್ನಿಸ್ತು!

ಗೇಟ್‌ವೇ ಕಮಿಷನ್ ಸಾಮಾನ್ಯವಾಗಿ ನೂರಕ್ಕೆ 2 ರೂಪಾಯಿ ಆಸುಪಾಸು, ಅದರ ಮೇಲೆ ಶೇ. 18 ಜಿಎಸ್‌ಟಿ. 2020ರ ಜನವರಿಯಿಂದ ಯುಪಿಐಗೆ ಎಂಡಿಆರ್ (ಪಾವತಿಗೆ ವ್ಯಾಪಾರಿ ಕೊಡೋ ಶುಲ್ಕ) ಇಲ್ಲ ನಿಜ, ಆದ್ರೂ ಗೇಟ್‌ವೇಯವರು ತಮ್ಮ ಸೇವಾಶುಲ್ಕ ಸೇರಿಸಬಹುದು. ಒಪ್ಪಂದದಲ್ಲಿ ಆ ಸಾಲು ಓದಲೇಬೇಕು. ಹಪ್ಪಳದ ವ್ಯಾಪಾರದಲ್ಲಿ ಅದು ಸಣ್ಣ ದುಡ್ಡಲ್ಲ.

ವೆಬ್‌ಸೈಟಲ್ಲಿ ಮಾರೋರು ಹೇಳಿ, ಕಾರ್ಡೂ ಇಟ್ಟಿದ್ದೀರಾ, ಯುಪಿಐ ಒಂದೇ ಸಾಕಾ?